ಸೀಲಿಯಾಕ್ ಇದ್ದವರ ದಾಂಪತ್ಯ: ಯಾವುದು ಮೊದಲು, ಯಾವುದು ಆಮೇಲೆ

ರಾಗಿ, ಅಕ್ಕಿ ಉಣ್ಣುವ ಹಾಸನ, ಚಿಕ್ಕಮಗಳೂರು ಕಡೆ ಸೀಲಿಯಾಕ್ ಎಂದರೆ 'ಅದು ಗೋಧಿ ತಿನ್ನುವ ಉತ್ತರದವರ ಕಾಯಿಲೆ' ಎಂಬ ಭಾವನೆಯಿದೆ. ಉತ್ತರ ಭಾರತದಲ್ಲಿ ಇದು ಹೆಚ್ಚು ಎನ್ನುವುದು ನಿಜ. ಆದರೆ ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ ನಮ್ಮಲ್ಲೂ ದಿನನಿತ್ಯದ ಊಟವಾಗಿ ಎಷ್ಟೋ ಕಾಲವಾಯಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ಈ ರೋಗಿಗಳ ರೋಗನಿರೋಧಕ ವ್ಯವಸ್ಥೆ ಸಣ್ಣಕರುಳಿನ ಒಳಪದರದ ಮೇಲೇ ತಿರುಗಿ ಬೀಳುತ್ತದೆ. ಆಹಾರ ಹೀರುವ ಸೂಕ್ಷ್ಮ ಎಳೆಗಳು ಸವೆದು, ಕಬ್ಬಿಣಾಂಶ, ಫೋಲೇಟ್, ಬಿ12, ಸತು, ಡಿ ವಿಟಮಿನ್ ಮೈಗೆ ಹತ್ತುವುದಿಲ್ಲ.

ಇದರ ಪೆಟ್ಟು ದಾಂಪತ್ಯಕ್ಕೂ ಬೀಳುತ್ತದೆ. ಹುಡುಗಿಯರು ಮೈನೆರೆಯುವುದು ತಡವಾಗಬಹುದು, ಮುಟ್ಟು ಏರುಪೇರಾಗಬಹುದು, ಗರ್ಭ ನಿಲ್ಲದೆ ಹೋಗಬಹುದು. ಗಂಡಸರಲ್ಲಿ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯಾಣುಗಳ ಚಲನೆ ಕಡಿಮೆಯಾಗುವುದು ಕಂಡುಬರುತ್ತದೆ. ಹೊಟ್ಟೆ ಉಬ್ಬರಿಸಿಕೊಂಡು, ಗಳಿಗೆಗೊಮ್ಮೆ ಶೌಚಾಲಯಕ್ಕೆ ಓಡುತ್ತ, ರಕ್ತಹೀನತೆಯಿಂದ ಸುಸ್ತಾದವರಿಗೆ ಸಂಗಾತಿ ಹತ್ತಿರ ಬಂದರೇ ಹಿಂಸೆ ಎನಿಸಬಹುದು. ಅದು ಪ್ರೀತಿ ಕಡಿಮೆಯಾದದ್ದಲ್ಲ, ಕಾಯಿಲೆಯ ಲಕ್ಷಣ. ಗ್ಲುಟೆನ್ ಪೂರ್ತಿ ಬಿಡುವ ಪಥ್ಯ ಹಿಡಿದರೆ ಇವುಗಳಲ್ಲಿ ಬಹುಪಾಲು ಸುಧಾರಿಸುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಇಲ್ಲೇ ಹೆಚ್ಚಿನವರು ಎಡವುವುದು. ಯಾರೋ ಹೇಳಿದರೆಂದು ಗೋಧಿ ಬಿಟ್ಟು, ಮೂರು ತಿಂಗಳ ಮೇಲೆ ರಕ್ತ ಕೊಟ್ಟರೆ ಕಾಯಿಲೆ ಇದ್ದರೂ ವರದಿ ಸರಿಯಿದೆ ಎಂದು ಬರಬಹುದು. ಕಾರಣ ತಿಳಿಯದ ಬಂಜೆತನ, ಎರಡು ಮೂರು ಗರ್ಭಪಾತ, ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಜೊತೆಗೆ ಥೈರಾಯ್ಡ್ ಅಥವಾ ಟೈಪ್ 1 ಸಕ್ಕರೆ ಕಾಯಿಲೆ: ಇವುಗಳಲ್ಲಿ ಒಂದಿದ್ದರೂ ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ-ಐಜಿಎ (ಸೀಲಿಯಾಕ್‌ನಲ್ಲಿ ಏರುವ ಪ್ರತಿಕಾಯವನ್ನು ಅಳೆಯುವ) ರಕ್ತಪರೀಕ್ಷೆ ಮಾಡಿಸಿ. ಜೊತೆಗೆ ಒಟ್ಟು ಐಜಿಎ (ಆ ಬಗೆಯ ಎಲ್ಲ ಪ್ರತಿಕಾಯಗಳ) ಪ್ರಮಾಣವನ್ನೂ ನೋಡಲು ಹೇಳಿ. ಹುಟ್ಟಿನಿಂದಲೇ ಐಜಿಎ ಕಡಿಮೆ ಇರುವವರಲ್ಲಿ ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ. ಟಿಟಿಜಿ ಹೆಚ್ಚಿದ್ದರೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಆರಂಭದ ಭಾಗದಿಂದ ಕನಿಷ್ಠ ನಾಲ್ಕು ಚೂರು ತೆಗೆದು ನೋಡುತ್ತಾರೆ. ಒಂದೇ ಚೂರು ಸಾಲದು, ಏಕೆಂದರೆ ಸವೆತ ಅಲ್ಲಲ್ಲಿ ಮಾತ್ರ ಇರಬಹುದು.

ಆಗಲೇ ಗೋಧಿ ಬಿಟ್ಟಿದ್ದರೆ, ವೈದ್ಯರ ಸಲಹೆಯಂತೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ದಿನಕ್ಕೆರಡು ಚಪಾತಿ ತಿಂದು ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರು ಈ ಸಾಹಸಕ್ಕೆ ಕೈಹಾಕಬಾರದು.

ಪರೀಕ್ಷೆ ಹೆಂಡತಿಗೆ ಮಾತ್ರ ಎಂದು ಮನೆಯವರು ತೀರ್ಮಾನಿಸುವುದು ಅನ್ಯಾಯ. ಕಾಯಿಲೆ ಗಂಡನಿಗೂ ಇರಬಹುದು. ವೀರ್ಯ ಪರೀಕ್ಷೆ, ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್ ಹಾರ್ಮೋನು ಅವರದೂ ನೋಡಲಿ. ಹಾಸನದ ಹಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಮೆಡಿಸಿನ್ ಮತ್ತು ಸ್ತ್ರೀರೋಗ ವಿಭಾಗ ಒಂದೇ ಕಡೆ ಸಿಗುವುದರಿಂದ, ಎರಡೂ ಕಡೆಯ ವೈದ್ಯರಿಗೆ ಒಂದೇ ಫೈಲು ತೋರಿಸಿ. ಹೊಟ್ಟೆಯದು ಒಬ್ಬರಿಗೆ, ಮುಟ್ಟಿನದು ಇನ್ನೊಬ್ಬರಿಗೆ ಎಂದು ಬಿಡಿಬಿಡಿಯಾಗಿ ಹೇಳಿದರೆ ಕೊಂಡಿ ಯಾರಿಗೂ ಕಾಣುವುದಿಲ್ಲ.

ಅಡುಗೆಮನೆಯ ಕಳ್ಳದಾರಿಗಳು

ಮುದ್ದೆ, ಅಕ್ಕಿ ರೊಟ್ಟಿ, ಅಕ್ಕಿ ಕಡುಬು, ನೀರುದೋಸೆ, ಮನೆಯಲ್ಲೇ ಅಕ್ಕಿಯಿಂದ ಮಾಡಿದ ಒತ್ತು ಶಾವಿಗೆ: ಮಲೆನಾಡಿನವರಿಗೆ ಪಥ್ಯ ಅರ್ಧ ಮನೆಯಲ್ಲೇ ಇದೆ. ಹದಗೆಡುವುದು ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿಸಿದರೆ, ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಹಿಟ್ಟು ನಿಮ್ಮ ಡಬ್ಬಿಗೆ ಬರುತ್ತದೆ. ಅಕ್ಕಿ, ರಾಗಿ ಮಾತ್ರ ಬೀಸುವ ಗಿರಣಿ ಹುಡುಕಿ. ಇಲ್ಲದಿದ್ದರೆ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಿ. ಗೋಧಿಯ ನಂತರ ಒಂದೆರಡು ಕಿಲೋ ಅಕ್ಕಿ ಹಾಕಿ ಕಲ್ಲು ತೊಳೆದಂತೆ ಮಾಡಿಸಿಕೊಳ್ಳುವುದು ಏನೂ ಇಲ್ಲದ್ದಕ್ಕಿಂತ ವಾಸಿ, ಪೂರ್ತಿ ಸುರಕ್ಷಿತವಲ್ಲ.

ಇಂಗು ಎರಡನೆಯದು. ಅಂಗಡಿಯ ಇಂಗಿನ ಪುಡಿಗೆ ಬಹುತೇಕ ಗೋಧಿಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಹೀಗಾಗಿ ಮದುವೆಮನೆಯಲ್ಲಿ ಚಿರೋಟಿ, ಹೋಳಿಗೆ ಬಿಟ್ಟೆ ಎಂದು ನಿಶ್ಚಿಂತೆಯಿಂದ ಸಾರು ಸುರಿದುಕೊಂಡವರಿಗೂ ತೊಂದರೆ. ಲೇಬಲ್ ಓದಿ, 'ಗ್ಲುಟೆನ್ ಫ್ರೀ' ಎಂದು ಬರೆಯಬೇಕಾದರೆ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಒಳಗಿರಬೇಕು ಎಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಬಾರ್ಲಿ ಮಾಲ್ಟ್ ಇರುವ, ಹಾಲಿಗೆ ಬೆರೆಸುವ ಪುಡಿಗಳು, ಬಿಯರ್, ಗೋಬಿ ಮಂಚೂರಿಯ ಮೈದಾ ಮತ್ತು ಸೋಯಾ ಸಾಸ್ ಕೂಡ ಬೇಡ. ಚಪಾತಿ ಬೇಯಿಸುವ ಕಾವಲಿ, ಮರದ ಲಟ್ಟಣಿಗೆ, ಜರಡಿ ಬೇರೆಯೇ ಇರಲಿ.

ಕೊರತೆ ತುಂಬಿಸುವುದು

ಫೆರಿಟಿನ್ (ಮೈಯಲ್ಲಿನ ಕಬ್ಬಿಣಾಂಶದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ. ಕಾಫಿ, ಟೀ ಎರಡೂ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ. ಎರಡು ಗಂಟೆ ಅಂತರ ಬಿಡಿ, ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳಿ. ಮಗು ಬಯಸುವವರಿಗೆ ಫೋಲಿಕ್ ಆಸಿಡ್ ಸಾಮಾನ್ಯ ಪ್ರಮಾಣ ದಿನಕ್ಕೆ 0.4 ಮಿಲಿಗ್ರಾಂ, ಕರುಳು ಸರಿಯಾಗಿ ಹೀರದವರಿಗೆ ವೈದ್ಯರು 5 ಮಿಲಿಗ್ರಾಂ ಬರೆಯಬಹುದು. ಗರ್ಭ ಧರಿಸುವುದಕ್ಕೆ ಕನಿಷ್ಠ ಮೂರು ತಿಂಗಳ ಮುಂಚಿನಿಂದಲೇ ಶುರುವಾಗಲಿ.

ಟಿಟಿಜಿ ಇಳಿಯುವವರೆಗೆ ತಡೆ

ಪಥ್ಯ ಹಿಡಿದ ಕೂಡಲೇ ಗರ್ಭಕ್ಕೆ ಪ್ರಯತ್ನಿಸುವ ಆತುರ ಬೇಡ. ಟಿಟಿಜಿ ಇಳಿಯಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಲ್ಲಿಯವರೆಗೆ ಕಾಂಡೋಮ್ ಒಳ್ಳೆಯ ಆಯ್ಕೆ. ಗರ್ಭನಿರೋಧಕ ಗುಳಿಗೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ, ಅಥವಾ ಭೇದಿ ಜೋರಾಗಿದ್ದರೆ ಆ ಗುಳಿಗೆಯನ್ನು ನಂಬುವಂತಿಲ್ಲ. ಕಾಪರ್ ಟಿ ಮುಟ್ಟಿನ ರಕ್ತಸ್ರಾವ ಹೆಚ್ಚಿಸಬಹುದು, ರಕ್ತಹೀನತೆ ಇದ್ದವರು ಯೋಚಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ 'ಅಂತರಾ' ಗರ್ಭನಿರೋಧಕ ಚುಚ್ಚುಮದ್ದು ಎಲುಬಿನ ಸಾಂದ್ರತೆ ತಗ್ಗಿಸುತ್ತದೆ. ಸೀಲಿಯಾಕ್‌ನಿಂದ ಎಲುಬು ಮೊದಲೇ ಬಡಕಲಾಗಿರಬಹುದು, ಹಾಗಾಗಿ ವೈದ್ಯರಿಗೆ ಕಾಯಿಲೆಯ ವಿಷಯ ತಿಳಿಸದೆ ಹಾಕಿಸಿಕೊಳ್ಳಬೇಡಿ.

ಹಾಸಿಗೆಯ ಮಾತು

ಗ್ಲುಟೆನ್ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ, ಅಪ್ಪುಗೆಗೆ ಹೆದರಬೇಕಿಲ್ಲ. ಬಾಯಿಗೆ ಬಾಯಿ ಸೇರಿಸುವ ಮುನ್ನ ಮಾತ್ರ, ಸಂಗಾತಿ ಚಪಾತಿ ಅಥವಾ ಬಿಸ್ಕತ್ತು ತಿಂದಿದ್ದರೆ ಹಲ್ಲುಜ್ಜಲಿ, ಕನಿಷ್ಠ ನೀರು ಕುಡಿದು ಬಾಯಿ ಮುಕ್ಕಳಿಸಲಿ. ಯೋನಿ ಒಣಗಿ ನೋವಾಗುತ್ತಿದ್ದರೆ ನೀರಿನಾಧಾರದ ಜೆಲ್ ಬಳಸಿ. ತೆಂಗಿನೆಣ್ಣೆ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ. ನಿಮಿರುವಿಕೆಗೆ ಮೆಡಿಕಲ್ ಅಂಗಡಿಯಿಂದ ನೇರವಾಗಿ ಮಾತ್ರೆ ತರಬೇಡಿ. ಎದೆನೋವಿನ ನೈಟ್ರೇಟ್ ಔಷಧ ತೆಗೆದುಕೊಳ್ಳುವವರಿಗೆ ಅದು ಜೀವಕ್ಕೇ ಅಪಾಯ.

ಪಥ್ಯ ಸರಿಹೋದ ಮೇಲೂ ಆಸಕ್ತಿ ಮರಳದಿದ್ದರೆ ಖಿನ್ನತೆ, ಥೈರಾಯ್ಡ್ ಇವೆಯೇ ಎಂದು ನೋಡಿಸಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆದ್ದರಿಂದ ವೀರ್ಯವನ್ನು ಪಥ್ಯ ಹಿಡಿದು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿ. ವರದಿಗಳು ಸರಿಯಾದ ಬಳಿಕ ಒಂದು ವರ್ಷ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಬಂಜೆತನದ ತಜ್ಞರನ್ನು ಕಾಣಿ. ಗರ್ಭಿಣಿಯಾದ ಮೇಲೂ ಸೀಮಂತದ ಸಿಹಿಯವರೆಗೆ ಅದೇ ಪಥ್ಯ. ಮಗು ಹುಟ್ಟಿದ ಬಳಿಕ ಅದಕ್ಕೂ, ಒಡಹುಟ್ಟಿದವರಿಗೂ ಯಾವಾಗ ಪರೀಕ್ಷೆ ಮಾಡಿಸಬೇಕು ಎಂದು ವೈದ್ಯರನ್ನು ಕೇಳಿ: ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರಬಹುದು.