ಕಲಾವಿದರ ನೋವನ್ನು ಅವರ ಕೆಲಸದಲ್ಲಿ ಹುಡುಕುವುದು ಹೇಗೆ? ಮೊದಲು ಇಸವಿ ನೋಡಿ

ದೊಡ್ಡ ಕಲಾವಿದರ ಮಾತು ಬಂದರೆ ಸಾಕು, "ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ, ಅದಕ್ಕೇ ಕೆಲಸ ಅಷ್ಟು ಚೆನ್ನಾಗಿ ಬಂದಿದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕಷ್ಟಪಟ್ಟವರು ಲೋಕದ ತುಂಬ ಇದ್ದಾರೆ. ಅವರೆಲ್ಲ ಚಿತ್ರ ಬಿಡಿಸಲಿಲ್ಲ. ಹಾಗಾದರೆ ನೋವಿಗೂ ಕಲೆಗೂ ಸಂಬಂಧವೇ ಇಲ್ವಾ? ಖಂಡಿತ ಇದೆ. ಆದರೆ ಅದು ಗೊತ್ತಾಗಬೇಕಾದರೆ ಜೀವನಚರಿತ್ರೆ ಓದಿ ಕಣ್ಣೀರು ಹಾಕಿದರೆ ಸಾಲದು, ಕೆಲಸದ ಮುಂದೆ ಕೂತು ನಿಧಾನವಾಗಿ ನೋಡಬೇಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ. ಜಾಸ್ತಿ ಹೊತ್ತು ಒಬ್ಬರ ಜೊತೆಯೇ ಇರುತ್ತೇನೆ: ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್‌ವಿಟ್ಸ್. 1867ರಲ್ಲಿ ಹುಟ್ಟಿದವರು, 1945ರ ಏಪ್ರಿಲ್‌ನಲ್ಲಿ ತೀರಿಕೊಂಡವರು. ಎರಡು ಮಹಾಯುದ್ಧಗಳನ್ನೂ ಕಂಡವರು.

ಎರಡು ಪಟ್ಟಿ ಮಾಡಿ

ಒಂದು ಹಾಳೆ ತಗೊಳ್ಳಿ. ಎಡಗಡೆ ಆ ಕಲಾವಿದರ ಬದುಕಿನಲ್ಲಿ ಏನು ಯಾವಾಗ ಆಯಿತು ಅಂತ ಬರೆಯಿರಿ. ಬಲಗಡೆ ಯಾವ ಕೆಲಸ ಯಾವ ಇಸವಿಯದು ಅಂತ ಬರೆಯಿರಿ. ಇಷ್ಟೇ. ಇಷ್ಟರಲ್ಲೇ ನಾವು ಕೇಳಿದ ಅರ್ಧ ಕಥೆಗಳು ಬಿದ್ದುಹೋಗುತ್ತವೆ.

ಕೋಲ್‌ವಿಟ್ಸ್ ಅವರ ಒಂದು ಎಚ್ಚಿಂಗ್ (ಲೋಹದ ತಗಡಿನ ಮೇಲೆ ಗೆರೆ ಕೊರೆದು ತೆಗೆದ ಅಚ್ಚಿನ ಚಿತ್ರ) ಇದೆ, ಸತ್ತ ಮಗುವನ್ನು ಹಿಡಿದ ಹೆಂಗಸಿನದು. ಬಟ್ಟೆಯಿಲ್ಲದ ತಾಯಿ ನೆಲದ ಮೇಲೆ ಕಾಲು ಮಡಚಿ ಕೂತು ಮಗುವನ್ನು ಎಷ್ಟು ಬಿಗಿಯಾಗಿ ಅಪ್ಪಿದ್ದಾಳೆ ಅಂದರೆ ಅವಳ ಮುಖ ಮಗುವಿನ ಎದೆಯೊಳಗೇ ಹೂತುಹೋದ ಹಾಗಿದೆ. ಅವರ ಚಿಕ್ಕ ಮಗ ಪೀಟರ್ ಮೊದಲ ಮಹಾಯುದ್ಧದಲ್ಲಿ ಸತ್ತ ಅಂತ ಗೊತ್ತಿದ್ದವರು ಈ ಚಿತ್ರ ನೋಡಿದ ಕೂಡಲೇ, ಓ, ಮಗ ಹೋದ ದುಃಖದಲ್ಲಿ ಮಾಡಿದ್ದು ಅಂದುಕೊಳ್ಳುತ್ತಾರೆ. ಈಗ ಪಟ್ಟಿ ನೋಡಿ. ಪೀಟರ್ ಸತ್ತಿದ್ದು 1914ರ ಅಕ್ಟೋಬರ್‌ನಲ್ಲಿ, ಬೆಲ್ಜಿಯಂನಲ್ಲಿ. ಚಿತ್ರ 1903ರದು. ಹನ್ನೊಂದು ವರ್ಷ ಮೊದಲು!

ಇನ್ನೂ ಹತ್ತಿರ ಹೋದರೆ ಎದೆ ಝಲ್ಲೆನ್ನುತ್ತದೆ. ಆ ಚಿತ್ರಕ್ಕೆ ಅವರು ಏಳು ವರ್ಷದ ಪೀಟರ್‌ನನ್ನೇ ತೋಳಲ್ಲಿ ಹಿಡಿದು ಕನ್ನಡಿ ಮುಂದೆ ಕೂತು ತಮ್ಮನ್ನೇ ನೋಡಿ ಬಿಡಿಸಿದ್ದರು. ಭಾರಕ್ಕೆ ಅವರು ನರಳಿದಾಗ, ಸುಮ್ಮನಿರಮ್ಮ, ಚಿತ್ರ ಚೆನ್ನಾಗಿ ಬರುತ್ತೆ ಅಂತ ಆ ಹುಡುಗನೇ ಸಮಾಧಾನ ಮಾಡಿದನಂತೆ. ಹಾಗಾದರೆ ಆ ದುಃಖ ಎಲ್ಲಿಂದ ಬಂತು? ಗಂಡ ಕಾರ್ಲ್ ಡಾಕ್ಟರ್. ಬರ್ಲಿನ್‌ನ ಕಾರ್ಮಿಕರ ಬಡಾವಣೆಯಲ್ಲಿ ಅವರ ಕ್ಲಿನಿಕ್. ಅಲ್ಲಿಗೆ ಬರುತ್ತಿದ್ದ ಬಡ ಹೆಂಗಸರ ಗೋಳನ್ನು ಕ್ಯಾಥೆ ವರ್ಷಗಟ್ಟಲೆ ಕೇಳಿದ್ದರು. ಅದಕ್ಕೂ ಮೊದಲು, ಚಿಕ್ಕಂದಿನಲ್ಲಿ, ಪುಟ್ಟ ತಮ್ಮ ತೀರಿಕೊಂಡಿದ್ದ. ಆಗ ತಾಯಿ ದುಃಖ ನುಂಗಿಕೊಂಡು ಓಡಾಡುತ್ತಿದ್ದದ್ದನ್ನು ಅವರು ನೋಡಿದ್ದರು. ಬೇರೆಯವರ ನೋವೂ ಕೈಗೆ ಇಳಿಯುತ್ತದೆ. ಪಟ್ಟಿ ಮಾಡದಿದ್ದರೆ ಇದು ತಪ್ಪಿಹೋಗುತ್ತಿತ್ತು.

ಡಚ್ ಚಿತ್ರಕಾರ ವ್ಯಾನ್ ಗೋ ಅವರದ್ದೂ ಹೀಗೇ. ಸುಳಿಯುವ ಆಕಾಶದ ಚಿತ್ರ ಹುಚ್ಚಿನಲ್ಲಿ ಬಿಡಿಸಿದ್ದು ಅಂತಾರೆ. ಅದು 1889ರ ಜೂನ್‌ನದು, ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗಿನದು, ನಿಜ. ಆದರೆ ನದಿಯ ಮೇಲಿನ ನಕ್ಷತ್ರದ ರಾತ್ರಿಯನ್ನು ಅವರು 1888ರ ಸೆಪ್ಟೆಂಬರ್‌ನಲ್ಲೇ ಬಿಡಿಸಿದ್ದರು, ಕಾಯಿಲೆ ಜೋರಾಗಿ ತಮ್ಮ ಕಿವಿ ತಾವೇ ಕತ್ತರಿಸಿಕೊಳ್ಳುವುದಕ್ಕೆ ಮೂರು ತಿಂಗಳು ಮೊದಲು. ನಕ್ಷತ್ರದ ಆಸೆ ಕಾಯಿಲೆ ಕೊಟ್ಟದ್ದಲ್ಲ.

ನಡುವಿನ ವರ್ಷ ಎಣಿಸಿ

ಇಸವಿ ಸರಿಹೊಂದಿದರೆ ಮುಂದಿನ ಕೆಲಸ ಇದು. ಪೆಟ್ಟು ಬಿದ್ದದ್ದಕ್ಕೂ ಕೆಲಸ ಬಂದದ್ದಕ್ಕೂ ನಡುವೆ ಎಷ್ಟು ವರ್ಷ? ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಅವರಿಗೆ ಐದು ವರ್ಷವಾಗಿದ್ದಾಗ ತಾಯಿ ಕ್ಷಯದಿಂದ ಹೋದರು. 1877ರಲ್ಲಿ ಅಕ್ಕ ಸೋಫಿಯೂ ಅದೇ ಕಾಯಿಲೆಯಿಂದ ಹೋದಳು, ಆಗ ಅವಳಿಗೆ ಹದಿನೈದು. ಕಾಯಿಲೆ ಬಿದ್ದ ಹುಡುಗಿಯ ಚಿತ್ರ ಶುರುವಾದದ್ದು 1885ರಲ್ಲಿ, ಅಂದರೆ ಎಂಟು ವರ್ಷ ಬಿಟ್ಟು. ಆಮೇಲೆ ಸುಮಾರು ನಲವತ್ತು ವರ್ಷಗಳಲ್ಲಿ ಅದೇ ಚಿತ್ರವನ್ನು ಒಟ್ಟು ಆರು ಸಲ ಬಣ್ಣದಲ್ಲಿ ಬಿಡಿಸಿದರು. ಮೊದಲನೆಯದನ್ನು ದೊಡ್ಡದು ಮಾಡಿ ನೋಡಿ. ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ, ಮತ್ತೆ ಕೆರೆದ ಗೀರುಗಳು ಮೇಲಿಂದ ಕೆಳಗೆ ಕಾಣುತ್ತವೆ. ಪಕ್ಕದಲ್ಲಿ ಕೂತ ಹೆಂಗಸಿನ ಮುಖ ಕಾಣುವುದೇ ಇಲ್ಲ. ಇಬ್ಬರ ಕೈ ಸೇರುವ ಕಡೆ ಬೆರಳು ಯಾವುದು, ಯಾರದು ಅಂತ ಗೊತ್ತಾಗುವುದಿಲ್ಲ. ಎಂಟು ವರ್ಷದ ಹಿಂದಿನ ಒಂದು ಕೋಣೆಯನ್ನು ಮನಸ್ಸಿನಿಂದ ಕೆರೆದು ತೆಗೆಯುವುದು ಎಷ್ಟು ಕಷ್ಟ ಅನ್ನುವುದು ಆ ಗೀರುಗಳಲ್ಲಿದೆ.

ಏನನ್ನು ತೆಗೆದುಹಾಕಿದರು ಅಂತ ನೋಡಿ

ನನ್ನ ಮಟ್ಟಿಗೆ ಇದೇ ಮುಖ್ಯ. ನೋವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಲಾವಿದರು ಮಾಡಿದ ಬದಲಾವಣೆಗಳಲ್ಲಿ.

1914ರಲ್ಲಿ ಪೀಟರ್‌ಗೆ ಹದಿನೆಂಟು. ಸೈನ್ಯಕ್ಕೆ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಕಾರ್ಲ್ ಬೇಡ ಅಂದರು. ಮಗ ಅಮ್ಮನ ಕಡೆ ನೋಡಿದ. ಕ್ಯಾಥೆ ಅವನ ಪರ ಮಾತಾಡಿ ಗಂಡನನ್ನು ಒಪ್ಪಿಸಿದರು. ಅಕ್ಟೋಬರ್‌ನಲ್ಲಿ ಸಾವಿನ ಸುದ್ದಿ ಬಂತು. ಇದು ಬರೀ ದುಃಖ ಅಲ್ಲ, ನಾನೇ ಕಳಿಸಿದೆ ಅನ್ನುವ ಸಂಕಟ.

ಆ ವರ್ಷವೇ ಅವರು ಮಗನಿಗೆ ಒಂದು ಸ್ಮಾರಕ ಮಾಡಲು ಹೊರಟರು. ಮೊದಲ ಯೋಚನೆಯಲ್ಲಿ ಮಗನ ದೇಹ ಉದ್ದಕ್ಕೆ ಮಲಗಿರಬೇಕಿತ್ತು, ತಲೆಯ ಹತ್ತಿರ ಅಪ್ಪ, ಕಾಲಿನ ಹತ್ತಿರ ಅಮ್ಮ. ವರ್ಷಗಟ್ಟಲೆ ಮಾಡಿದರು, ಸರಿಬರಲಿಲ್ಲ. 1919ರಲ್ಲಿ ಕೈಬಿಟ್ಟರು. ಕೆಲವು ವರ್ಷ ಬಿಟ್ಟು ಮತ್ತೆ ಹಿಡಿದರು. 1932ರಲ್ಲಿ ಮುಗಿದಾಗ ಮಗ ಅದರಲ್ಲಿ ಇರಲೇ ಇಲ್ಲ! ಉಳಿದದ್ದು ಮಂಡಿಯೂರಿದ ಅಪ್ಪ ಅಮ್ಮ ಮಾತ್ರ. ಅಪ್ಪ ನೆಟ್ಟಗೆ, ತನ್ನನ್ನೇ ತಾನು ಬಿಗಿಯಾಗಿ ಅಪ್ಪಿಕೊಂಡು ಕೂತಿದ್ದಾನೆ. ಅಮ್ಮ ಮುಂದಕ್ಕೆ ಬಾಗಿದ್ದಾಳೆ. ಇಬ್ಬರಿಗೂ ಬೇರೆ ಬೇರೆ ಕಲ್ಲಿನ ಪೀಠ, ನಡುವೆ ಖಾಲಿ ಜಾಗ. ಒಬ್ಬರನ್ನೊಬ್ಬರು ಮುಟ್ಟುತ್ತಿಲ್ಲ, ನೋಡುತ್ತಲೂ ಇಲ್ಲ. ಮುಖಗಳು ಕಾರ್ಲ್ ಮತ್ತು ಕ್ಯಾಥೆ ಅವರದ್ದೇ.

ಸತ್ತ ಮಗನನ್ನು ತೆಗೆದದ್ದರಿಂದ ಏನಾಯಿತು ಅಂತ ಯೋಚಿಸಿ. ಈ ಅಪ್ಪ ಅಮ್ಮನ ಮುಂದೆ ಈಗ ಒಬ್ಬ ಪೀಟರ್ ಇಲ್ಲ, ಇಡೀ ಸ್ಮಶಾನ ಇದೆ. ಬೆಲ್ಜಿಯಂನ ವ್ಲಾಡ್ಸ್ಲೋದಲ್ಲಿ ಇವತ್ತು ಆ ಪ್ರತಿಮೆಗಳ ಮುಂದೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರ ಸಮಾಧಿಗಳಿವೆ. ಪೀಟರ್ ಅವರಲ್ಲಿ ಒಬ್ಬ. ಒಬ್ಬ ಮಗನ ಸ್ಮಾರಕ ಎಲ್ಲ ಮಕ್ಕಳದ್ದಾಗಲು ಹದಿನೇಳು ಹದಿನೆಂಟು ವರ್ಷ ಹಿಡಿಯಿತು. ನೋವು ಒಂದೇ ದಿನದಲ್ಲಿ ಬಂತು, ಈ ತೀರ್ಮಾನ ಬರಲಿಲ್ಲ.

ನಮ್ಮ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಮಗು ಹೋದ ದುಃಖದ ಕವಿತೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಅದನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ಓದಿ ನೋಡಿ. ಕೂಸಿನ ಮಾತು ಸುಳಿದು ಹೋಗುತ್ತದೆ, ಕವಿತೆಯ ತುಂಬ ಇರುವುದು ಹೆಂಡತಿಯ ನೋಟ, ಅದನ್ನು ಎದುರಿಸಲಾಗದ ಗಂಡ. ಅಲ್ಲೂ ಉಳಿದವರು ಅಪ್ಪ ಅಮ್ಮನೇ.

ಮಾಡುವ ವಿಧಾನ ಬದಲಾಯಿತಾ ಅಂತಲೂ ನೋಡಿ. ಯುದ್ಧದ ಬಗ್ಗೆ ಮಾಡಬೇಕು ಅಂತ ಕೋಲ್‌ವಿಟ್ಸ್ ಎಚ್ಚಿಂಗ್‌ನಲ್ಲಿ ಪ್ರಯತ್ನಿಸಿದರು, ಲಿಥೋಗ್ರಾಫ್‌ನಲ್ಲಿ (ಕಲ್ಲಿನ ಮೇಲೆ ಬಿಡಿಸಿ ಅಚ್ಚು ತೆಗೆಯುವ ವಿಧಾನ) ಪ್ರಯತ್ನಿಸಿದರು, ಸಮಾಧಾನವಾಗಲಿಲ್ಲ. 1920ರಲ್ಲಿ ಜರ್ಮನಿಯದ್ದೇ ಕಲಾವಿದ ಅರ್ನ್ಸ್ಟ್ ಬಾರ್‌ಲಾಖ್ ಅವರ ಮರದ ಅಚ್ಚಿನ ಚಿತ್ರಗಳನ್ನು ನೋಡಿದ ಮೇಲೆ ತಾವೂ ಮರ ಕೊರೆಯಲು ಶುರುಮಾಡಿದರು. 1923ರಲ್ಲಿ ಬಂದ 'ಯುದ್ಧ' ಮಾಲಿಕೆಯಲ್ಲಿ ಅಂಥ ಏಳು ಚಿತ್ರಗಳಿವೆ. ನವಿರಾದ ಗೆರೆಗಳೆಲ್ಲ ಹೋಗಿ ದಪ್ಪ ಕಪ್ಪು, ಒರಟು ಬಿಳಿ. ಒಂದರಲ್ಲಿ ಸಾವು ಡೋಲು ಬಾರಿಸುತ್ತ ಮುಂದೆ ಹೋಗುತ್ತದೆ, ಹುಡುಗರು ಹಿಂದೆ. ಸಾವಿನ ಪಕ್ಕದಲ್ಲೇ ಇರುವವನು ಪೀಟರ್.

ದೇಹದ ಕಡೆಯೂ ಗಮನ ಕೊಡಿ

ಕೆಲವು ಸಲ ನೋವು ತೀರ ಸರಳವಾಗಿ ಕೆಲಸ ಮಾಡುತ್ತದೆ: ಎಲ್ಲಿ ಮಲಗಬೇಕು, ಕೈ ಎಷ್ಟು ದೂರ ಹೋಗುತ್ತದೆ ಅಂತ. ಮೆಕ್ಸಿಕೋದ ಫ್ರಿಡಾ ಕಾಲೊ 1925ರ ಬಸ್ ಅಪಘಾತದ ನಂತರ ಹಾಸಿಗೆಯಲ್ಲೇ ಚಿತ್ರ ಬಿಡಿಸಲು ಹಿಡಿದರು. ಮಂಚದ ಮೇಲೆ ಕನ್ನಡಿ ಕಟ್ಟಿಸಿದ್ದರು. ಎದುರಿಗೆ ಕಾಣುತ್ತಿದ್ದದ್ದು ತಮ್ಮದೇ ಮುಖ. ಫ್ರಾನ್ಸಿನ ಚಿತ್ರಕಾರ ಮತೀಸ್ 1941ರ ದೊಡ್ಡ ಆಪರೇಷನ್ ಆದ ಮೇಲೆ ಮೊದಲಿನ ಹಾಗೆ ನಿಂತು ಕೆಲಸ ಮಾಡಲಾಗದೆ ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದರ ಕಡೆ ತಿರುಗಿದರು. ಆ ಕಾಗದದ ಚಿತ್ರಗಳಲ್ಲಿ ಎಷ್ಟು ಖುಷಿ ಇದೆ ನೋಡಿ. ನೋವಿದ್ದ ಕಡೆ ಕತ್ತಲೆಯೇ ಇರಬೇಕು ಅಂತ ಯಾರೂ ಹೇಳಿಲ್ಲ.

ಅವರ ಮಾತನ್ನೇ ಓದಿ

ವ್ಯಾನ್ ಗೋ ಪತ್ರಗಳು ಆನ್‌ಲೈನ್‌ನಲ್ಲಿ ಪೂರ್ತಿ ಸಿಗುತ್ತವೆ, ಇಂಗ್ಲಿಷ್‌ನಲ್ಲಿ, ಪುಕ್ಕಟೆಯಾಗಿ. ಸೇಂಟ್ ರೆಮಿಯಿಂದ ಬರೆದವನ್ನು ಓದಿ. ಕಾಯಿಲೆ ಜೋರಾದಾಗ ವಾರಗಟ್ಟಲೆ ಕುಂಚ ಹಿಡಿಯಲು ಆಗುತ್ತಿರಲಿಲ್ಲ. ಸುಧಾರಿಸಿಕೊಂಡಾಗ ಬಿಡಿಸುತ್ತಿದ್ದರು. 1890ರ ಫೆಬ್ರವರಿಯಲ್ಲಿ, ತಮ್ಮ ಥಿಯೋಗೆ ಮಗ ಹುಟ್ಟಿದ ಸಂತೋಷಕ್ಕೆ, ನೀಲಿ ಆಕಾಶದ ಎದುರು ಬಾದಾಮಿ ಹೂವಿನ ಚಿತ್ರ ಬಿಡಿಸಿದ್ದು ಕೂಡ ಅದೇ ಆಸ್ಪತ್ರೆಯಲ್ಲಿ. ಕಾಯಿಲೆಯೇ ಪ್ರತಿಭೆ ಅನ್ನುವ ಮಾತು ನನಗೆ ಅಪಾಯ ಅನ್ನಿಸುವುದು ಇದಕ್ಕೇ. ಇವತ್ತು ಖಿನ್ನತೆಯಲ್ಲಿರುವ ಹುಡುಗನೋ ಹುಡುಗಿಯೋ ಅದನ್ನು ಓದಿ ಔಷಧ ತಗೊಂಡರೆ ಕಲೆ ಹೋಗುತ್ತೆ ಅಂತ ಹೆದರಬಾರದು. ಮುಂಕ್ 1908ರಲ್ಲಿ ಕುಸಿದುಬಿದ್ದು ಕೋಪನ್‌ಹೇಗನ್‌ನ ಕ್ಲಿನಿಕ್ ಸೇರಿ ತಿಂಗಳುಗಟ್ಟಲೆ ಚಿಕಿತ್ಸೆ ತಗೊಂಡರು. ಆಮೇಲೆ 1944ರ ತನಕ, ಎಂಬತ್ತು ವರ್ಷ ತುಂಬುವವರೆಗೂ, ಬಿಡಿಸುತ್ತಲೇ ಇದ್ದರು.

ಈಗ ನೀವೇ ಒಂದು ಮಾಡಿ ನೋಡಿ. ಕೋಲ್‌ವಿಟ್ಸ್ ಅವರ ಕೊನೆಯ ಲಿಥೋಗ್ರಾಫ್‌ನಲ್ಲಿ ವಯಸ್ಸಾದ ತಾಯಿ ಮೂವರು ಹುಡುಗರನ್ನು ತೋಳು ಚಾಚಿ ತನ್ನ ಮೇಲಂಗಿಯೊಳಗೆ ಅವುಚಿಕೊಂಡಿದ್ದಾಳೆ, ಅವರು ಹೊರಗೆ ಓಡಲು ಇಣುಕುತ್ತಿದ್ದಾರೆ. ಬಿತ್ತನೆಯ ಕಾಳನ್ನು ಬೀಸಬಾರದು ಅನ್ನುವ ಅರ್ಥದ, ಜರ್ಮನ್ ಕವಿ ಗಯಟೆಯ ಮಾತೇ ಅದರ ಹೆಸರು. ಅದೇ ಮಾತನ್ನು 1918ರಲ್ಲಿ, ಯುದ್ಧಕ್ಕೆ ಇನ್ನಷ್ಟು ಹುಡುಗರನ್ನು ಕರೆದ ಒಬ್ಬ ಕವಿಗೆ ಉತ್ತರವಾಗಿ, ಅವರು ಪತ್ರಿಕೆಯಲ್ಲಿ ಬರೆದಿದ್ದರು. ಅವರ ಮೊಮ್ಮಗ, ಅವನ ಹೆಸರೂ ಪೀಟರ್, ಎರಡನೇ ಮಹಾಯುದ್ಧದಲ್ಲಿ ರಷ್ಯಾದಲ್ಲಿ ಸತ್ತ. ಅವನು ಹೋದ ದುಃಖಕ್ಕೆ ಈ ಚಿತ್ರ ಮಾಡಿದರು ಅಂತ ಯಾರಾದರೂ ಹೇಳಿದರೆ ಇಸವಿ ನೋಡಿ: ಚಿತ್ರ ಮುಗಿದದ್ದು 1942ರ ಶುರುವಿನಲ್ಲಿ, ಮೊಮ್ಮಗ ಸತ್ತದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ.