ಸಿಂಡೊನೆ ರಕ್ತದ ಅಂಚು: ನಾನು ಮಾಡಿ ನೋಡಿದ್ದು

ಕೊನೆಗೂ ಅಂಚು ಬಂತು. ಸಿಂಡೊನೆ ಅಂದರೆ ಯೇಸುವಿನ ಶವಕ್ಕೆ ಸುತ್ತಿದ್ದು ಅಂತ ಹಲವರು ನಂಬುವ, ಇಟಲಿಯ ಟುರಿನ್‌ನಲ್ಲಿರುವ ಲಿನನ್ ಬಟ್ಟೆ. ಅದರ ರಕ್ತದ ಕಲೆಗಳ ಸುತ್ತ ಇರುವಂಥ ಅಂಚನ್ನು ನಾನೇ ಬರಿಸೋಕೆ ನೋಡುತ್ತಿದ್ದೆ. ಹದಿನಾಲ್ಕು ತಿಂಗಳು, ಮೂವತ್ತೊಂದೋ ಮೂವತ್ತೆರಡೋ ತುಂಡು ಬಟ್ಟೆ, ಹತ್ತಿರ ಹತ್ತಿರ 400 ಯೂರೋ, ಜೊತೆಗೆ ನನ್ನದೇ ರಕ್ತ ಒಂದು ಲೋಟದಷ್ಟು ಹೋಗಿರಬೇಕು. ಟುರಿನ್‌ಗೆ ಬಂದು ಒಂಬತ್ತು ವರ್ಷ ಆಯಿತು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಊಟದ ಹೊತ್ತಲ್ಲಿ ಈ ವಿಷಯ ಎತ್ತಿದರೆ ಎಲ್ಲರೂ ನಗುತ್ತಿದ್ದರು. ನಮ್ಮ ಪುತ್ತೂರಿನ ಗೆಳೆಯನಂತೂ, "ಅದು ಪೇಂಟು ಮಾರಾಯ, ಸೂಕ್ಷ್ಮದರ್ಶಕದಲ್ಲಿ ನೋಡಿದ ಮೆಕ್‌ಕ್ರೋನ್ ಯಾವತ್ತೋ ಹೇಳಿ ಮುಗಿಸಿದ್ದಾರೆ, ನೀನು ಸುಮ್ನೆ ಕೈಗೆ ಸೂಜಿ ಚುಚ್ಚಿಕೊಳ್ತಾ ಇದ್ದೀಯ" ಅಂದಿದ್ದ.

ನನ್ನ ಪ್ರಶ್ನೆ ಆ ಬಟ್ಟೆ ಅಸಲಿಯಾ ನಕಲಿಯಾ ಅನ್ನೋದಲ್ಲ. 1988ರ ಕಾರ್ಬನ್ ಪರೀಕ್ಷೆ ಅದು 1260ರಿಂದ 1390ರ ನಡುವಿನ ಬಟ್ಟೆ ಅಂದಿದೆ, ಅದರ ಜಗಳ ಬೇರೆಯವರು ಆಡಲಿ. ನನಗೆ ಬೇಕಾಗಿದ್ದು ಒಂದೇ. 1978ರಲ್ಲಿ ಸಿಂಡೊನೆಯನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳ ಸ್ಟರ್ಪ್ ತಂಡ ತೆಗೆದ ಯುವಿ (ಅತಿನೇರಳೆ ಬೆಳಕಿನ) ಫೋಟೋಗಳಲ್ಲಿ ಕೆಲವು ರಕ್ತದ ಕಲೆಗಳ ಸುತ್ತ ತೆಳ್ಳಗೆ ಬೆಳಗುವ ಅಂಚು ಕಾಣುತ್ತದೆ. ಬರಿಗಣ್ಣಿಗೆ ಕಾಣದ ಅಂಚು. ಅದು ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರ್ಪಡುವ ತಿಳಿ ಅಂತ, ಕಲೆ ರಕ್ತವೇ ಅನ್ನುವ ವಿಜ್ಞಾನಿಗಳಾದ ಹೆಲ್ಲರ್ ಮತ್ತು ಆಡ್ಲರ್ ಕಡೆಯವರ ವಾದ. ಅದನ್ನು ಲಿನನ್ ಮೇಲೆ ಕೈಯಾರೆ ಬರಿಸೋಕೆ ಆಗುತ್ತಾ, ಅಷ್ಟೇ.

ಮೊದಲ ಐದಾರು ತುಂಡು ಬರೀ ದಂಡ. ಲ್ಯಾಬಿನ ಅಭ್ಯಾಸದಲ್ಲಿ ನನ್ನ ರಕ್ತವನ್ನು, ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿಗೇ ತೆಗೆಸಿಕೊಂಡೆ. ಹೆಪ್ಪುಗಟ್ಟದ ರಕ್ತ ಬಟ್ಟೆ ಮೇಲೆ ಬಿದ್ದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ನೂಲಿನ ಗುಂಟ ಓಡಿ ನಾಲ್ಕೂ ಕಡೆ ಮೀಸೆ ಬಿಟ್ಟಿತು. ಇಷ್ಟು ವರ್ಷ ಟ್ಯೂಬು ಹಿಡಿದವನು ಇದನ್ನು ಮೊದಲೇ ಯೋಚಿಸಬೇಕಿತ್ತು. ನಾಚಿಕೆ ಆಯಿತು.

ಆಮೇಲೆ ಬಟ್ಟೆಯ ಕಾಟ. ಅಂಗಡಿಯಿಂದ ಒಳ್ಳೆ ಬಿಳಿ ಲಿನನ್ ತಂದೆ, ಮೀಟರಿಗೆ 30 ಯೂರೋ ಕೊಟ್ಟ ನೆನಪು. ಕತ್ತಲೆ ಮಾಡಿ ಯುವಿ ಟಾರ್ಚ್ ಹಾಕಿದರೆ ಇಡೀ ಬಟ್ಟೆ ನೀಲಿಯಾಗಿ ಉರಿಯಿತು! ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕುವ ಬ್ರೈಟ್‌ನರ್ ಅದು. ಆ ಬೆಳಕಲ್ಲಿ ಸೀರಂ ಎಲ್ಲಿ ಕಾಣಬೇಕು? ಹತ್ತು ಸಲ ಒಗೆದರೂ ಹೋಗಲಿಲ್ಲ. ನಮ್ಮ ಮನೆಯ ಡಿಟರ್ಜೆಂಟಿನಲ್ಲೂ ಅದೇ ಇತ್ತು, ನಾನೇ ಒಗೆದು ಒಗೆದು ಇನ್ನಷ್ಟು ಹಚ್ಚುತ್ತಿದ್ದೆ. ಟಾರ್ಚಿನಲ್ಲೂ ಮೋಸ ಹೋದೆ. 12 ಯೂರೋದ 395 ನ್ಯಾನೋಮೀಟರ್ ಟಾರ್ಚ್ ಎಲ್ಲವನ್ನೂ ನೇರಳೆ ಮಾಡುತ್ತೆ. 365ರದ್ದೇ ಬೇಕು, ಮುಂದೆ ಕರಿ ಫಿಲ್ಟರ್ ಇರುವಂಥದ್ದು. ಅದಕ್ಕೆ 60 ಯೂರೋ.

ಬಟ್ಟೆಗೆ ದಾರಿ ಸಿಕ್ಕಿದ್ದು ಟುರಿನ್‌ನ ಹಳೇ ಸಾಮಾನಿನ ಬಾಲೋನ್ ಸಂತೆಯಲ್ಲಿ. ಅಲ್ಲಿ ಇಟಲಿಯ ಅಜ್ಜಿಯರ ಕಾಲದ ವರದಕ್ಷಿಣೆ ಪೆಟ್ಟಿಗೆಯ ಲಿನನ್ ಚಾದರಗಳು ಬರುತ್ತವೆ, ಮೂಲೆಯಲ್ಲಿ ಕೆಂಪು ನೂಲಿನಲ್ಲಿ ಹೆಸರಿನ ಮೊದಲಕ್ಷರ. ಬ್ರೈಟ್‌ನರ್ ಬರುವ ಮೊದಲು ನೇಯ್ದದ್ದು, ಬೂದಿ ನೀರಲ್ಲಿ ಒಗೆದದ್ದು. ನಾನು ಟಾರ್ಚ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ಕೋಟಿನ ಮರೆಯಲ್ಲಿ ಪ್ರತಿ ಚಾದರಕ್ಕೂ ಬೆಳಕು ಹಾಕಿ ನೋಡಿದೆ. ಮಾರುವಾಕೆ ನನ್ನನ್ನು ಕಳ್ಳ ಅಂದುಕೊಂಡಳೋ ಏನೋ. ಏಳನೆಯದು ಮಂಕಾಗಿ, ಗೋಧಿ ಹಿಟ್ಟಿನ ಬಣ್ಣಕ್ಕೆ ಉಳಿಯಿತು. 45 ಹೇಳಿದಳು, 35ಕ್ಕೆ ಬಿಟ್ಟಳು. ಮನೆಗೆ ತಂದು ಅಮ್ಮ ಕಳಿಸಿದ್ದ ಅಂಟುವಾಳ ಕಾಯಿಯಲ್ಲಿ ಒಗೆದು, ಮೂರು ಸಲ ಬರೀ ನೀರಲ್ಲಿ ಕುದಿಸಿದೆ. ಸಾದಾ ನೇಯ್ಗೆ, ಸಿಂಡೊನೆಯಂತೆ ಮೀನಿನ ಮುಳ್ಳಿನ ನೇಯ್ಗೆ ಅಲ್ಲ. ಆ ನೇಯ್ಗೆಯ ಬಟ್ಟೆಗೆ ಕೇಳಿದ ಬೆಲೆಗೆ ಕೈ ಮುಗಿದು ಬಂದೆ.

ಈಗ ರಕ್ತ. ಬರೀ ಗಾಜಿನ ಟ್ಯೂಬಿಗೆ 5 ಎಂಎಲ್ ತೆಗೆದು, ತಕ್ಷಣ ನನ್ನ ಎಡ ಮುಂಗೈ ಮೇಲೆ ಎರಡು ಮೂರು ಧಾರೆ ಬಿಟ್ಟೆ. ಹಸಿ ಇದ್ದಾಗಲೇ ಬಟ್ಟೆ ಹಾಕಿದರೆ ಕಲೆ ಹರಡುತ್ತೆ, ಅಂಚಿಲ್ಲ. ಅರ್ಧ ಗಂಟೆ ಬಿಟ್ಟರೆ ತೆಳು ಧಾರೆ ಒಣಗಿ ಹಪ್ಪಳ, ಬಟ್ಟೆಗೆ ಹತ್ತೋದೇ ಇಲ್ಲ. ಎಂಟೋ ಒಂಬತ್ತೋ ತುಂಡು ಈ ಎರಡರ ನಡುವೆ ಹಾಳಾದವು. ಒಂದು ದಿನ ಮೊಸರಿನ ಪಾತ್ರೆ ತೆಗೆದಾಗ ಹೊಳೆಯಿತು. ಸೌಟು ಹಾಕಿದ ಜಾಗದಲ್ಲಿ ಗಟ್ಟಿ ಮೊಸರಿನ ಸುತ್ತ ತಿಳಿನೀರು ನಿಂತಿತ್ತು. ಹೆಪ್ಪೂ ಹಾಗೇ ಅಲ್ವಾ, ಕುಗ್ಗಿ ಸೀರಂ ಹೊರಗೆ ಬಿಡೋಕೆ ಅದಕ್ಕೆ ಹೊತ್ತು ಬೇಕು, ಅಷ್ಟು ಹೊತ್ತೂ ಒಣಗಬಾರದು. ಅಂದರೆ ಧಾರೆ ದಪ್ಪ ಇರಬೇಕು, ಗಾಳಿಯಲ್ಲಿ ತೇವ ಬೇಕು. ಬಚ್ಚಲುಮನೆ ಬಾಗಿಲು ಹಾಕಿ ಬಿಸಿನೀರು ಬಿಟ್ಟು, ರಕ್ತ ಸುರಿದ ಕೈ ಚಾಚಿಕೊಂಡು ಒಂದೂಕಾಲು ಗಂಟೆ ಕೂತೆ. ಹೆಂಡತಿ ಹೊರಗಿನಿಂದ, "ಗ್ಯಾಸ್ ಬಿಲ್ಲು ನೀವೇ ಕಟ್ಟಿ" ಅಂದಳು.

ಆಮೇಲೆ ಬಟ್ಟೆ ಇಟ್ಟು, ಒತ್ತದೆ, ಹಾಗೇ ಬಿಟ್ಟೆ. ಬಟ್ಟೆಯನ್ನು ಮೊದಲೇ ಯಾವುದರಿಂದ ಎಷ್ಟು ತೇವ ಮಾಡಿದ್ದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಎತ್ತುವ ರೀತಿಯಲ್ಲೂ ಒಂದು ಕೈಚಳಕ ಇದೆ, ಅದೂ ನನ್ನ ಹತ್ರಾನೇ ಇರಲಿ. ಒಣಗಿದ ಮೇಲೆ ಟಾರ್ಚ್ ಹಾಕಿದರೆ ನಡುವೆ ಕಪ್ಪು ಕಲೆ, ಸುತ್ತ ಒಂದು ಒಂದೂವರೆ ಮಿಲಿಮೀಟರ್ ಮಂಕು ನೀಲಿ ಬಿಳಿಯ ಗೆರೆ. ದೀಪ ಹಾಕಿದರೆ ಗೆರೆ ಮಾಯ. ಅದೇ ದಿನ ಪುತ್ತೂರಿನವನನ್ನು ಕರೆಸಿ ತೋರಿಸಿದೆ. ಟಾರ್ಚನ್ನು ನಾಲ್ಕು ಸಲ ಆರಿಸಿ ಹಚ್ಚಿ ನೋಡಿದ, ಮಾತಾಡಲಿಲ್ಲ. ಅದಾದ ಮೇಲೆ ಮಾಡಿದ ಆರರಲ್ಲಿ ನಾಲ್ಕು ಬಂದಿವೆ.

ಬೀಗುವುದಕ್ಕೆ ಮುಂಚೆ ಇನ್ನೊಂದು ಹೇಳಿಬಿಡುತ್ತೇನೆ. ಕಲೆ ಬರೀ ಪೇಂಟು ಅನ್ನೋ ಮೆಕ್‌ಕ್ರೋನ್ ಮಾತನ್ನೂ ನೋಡೋಣ ಅಂತ ಕೆಮ್ಮಣ್ಣನ್ನು ಜೆಲಟಿನ್‌ನಲ್ಲಿ ಕಲಸಿ ಅದೇ ಚಾದರಕ್ಕೆ ಬಳಿದೆ. ಗಟ್ಟಿಯಾಗಿ ಕಲಸಿದರೆ ಏನೂ ಇಲ್ಲ. ಬಿಸಿ ಮಾಡಿ ನೀರಾಗಿ ಬಳಿದಾಗ ಮಣ್ಣು ನಡುವೆ ನಿಂತು ಜೆಲಟಿನ್ ಮಾತ್ರ ಆಚೆಗೆ ಹರಿಯಿತು. ಅದೂ ಯುವಿಯಲ್ಲಿ ಬೆಳಗಿತು! ನನ್ನ ಅಂಚಿನಷ್ಟು ಚೂಪಾಗಿರಲಿಲ್ಲ, ಒಂದು ಕಡೆ ಅಗಲ ಒಂದು ಕಡೆ ಇಲ್ಲವೇ ಇಲ್ಲ. ಆದರೂ ಅಂಚು ಕಂಡ ತಕ್ಷಣ ಸೀರಂ ಅಂತ ಕೂಗೋಕೆ ನನಗೆ ಈಗ ಧೈರ್ಯ ಇಲ್ಲ.

ಒಲೆಯ ಪ್ರಯೋಗವೂ ಆಯಿತು. 1532ರಲ್ಲಿ ಈಗಿನ ಫ್ರಾನ್ಸಿನ ಶಾಂಬೇರಿಯಲ್ಲಿ ಬೆಂಕಿ ಬಿದ್ದು, ಸಿಂಡೊನೆ ಇಟ್ಟಿದ್ದ ಪೆಟ್ಟಿಗೆಯ ಬೆಳ್ಳಿ ಕರಗಿ ಆ ಬಟ್ಟೆ ತೂತಾಗಿತ್ತಲ್ಲ. ನಾನು ಒಂದು ತುಂಡನ್ನು ಓವನ್‌ನಲ್ಲಿ 200 ಡಿಗ್ರಿಯಲ್ಲಿ ಇಟ್ಟೆ. ಆಮೇಲೆ ಸಲೈನ್‌ನಲ್ಲಿ ನೆನೆಸಿದರೆ ಚೂರೂ ಬಣ್ಣ ಬಿಡಲಿಲ್ಲ, ರಕ್ತ ಪತ್ತೆ ಮಾಡುವ ಕಾಸ್ಲ್ ಮೇಯರ್ ಪರೀಕ್ಷೆ ಕೂಡ ಸಪ್ಪೆ. 1973ರಲ್ಲಿ ಇಟಲಿಯವರ ಪರೀಕ್ಷೆಯಲ್ಲಿ ರಕ್ತ ಇಲ್ಲ ಅಂತ ಬಂದು, ಆಮೇಲೆ ಆಡ್ಲರ್ ಹೈಡ್ರಜೀನ್ ಅನ್ನೋ ರಾಸಾಯನಿಕ ಹಾಕಿ ಕರಗಿಸಿದಾಗ ಇದೆ ಅಂತ ಬಂದಿದ್ದರ ಗುಟ್ಟು ಇದರಲ್ಲೇ ಇದೆ ಅಂತ ನನ್ನ ಗುಮಾನಿ. ಹೈಡ್ರಜೀನ್ ಮನೆಯಲ್ಲಿ ಮುಟ್ಟುವ ವಸ್ತುವಲ್ಲ, ಅಲ್ಲಿಗೇ ಬಿಟ್ಟೆ. ಓವನ್ ವಾಸನೆ ಹೋಗೋಕೆ ಒಂದು ವಾರ ಆಯಿತು.

ಬಣ್ಣದ ವಿಷಯದಲ್ಲಿ ನಾನು ಸೋತೆ. ಸಿಂಡೊನೆಯ ಕಲೆ ಇನ್ನೂ ಕೆಂಪಗಿರೋಕೆ ಕಾರಣ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಹೆಚ್ಚುವ ಹಳದಿ ವಸ್ತು) ಜಾಸ್ತಿ ಇದ್ದದ್ದು ಅಂತ ಆಡ್ಲರ್ ಹೇಳಿದ್ದರು. ನನ್ನ ಬಿಲಿರುಬಿನ್ 0.8, ಅಂದರೆ ಮಾಮೂಲಿ ಮಟ್ಟ. ಕತ್ತಲೆ ಡಬ್ಬಿಯಲ್ಲಿ ಇಟ್ಟದ್ದೂ ಕಿಟಕಿಯಲ್ಲಿ ಇಟ್ಟದ್ದೂ ಎಂಟು ತಿಂಗಳಲ್ಲಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿವೆ. ಕಾಮಾಲೆ ಬರಿಸಿಕೊಂಡು ಮಾಡೋಕಂತೂ ಆಗಲ್ಲ.

ಮುಂದೆ ಧಾರೆಯ ಕೋನ ನೋಡಬೇಕು. 2018ರಲ್ಲಿ ಬೊರ್ರಿನಿ ಮತ್ತು ಗಾರ್ಲಸ್ಕೆಲ್ಲಿ ಅನ್ನೋ ಸಂಶೋಧಕರು ಮನುಷ್ಯನ ಕೈ ಮೇಲೆ ರಕ್ತ ಹರಿಸಿ, ಸಿಂಡೊನೆಯ ಕಲೆಗಳ ಕೋನ ಒಂದೇ ಭಂಗಿಗೆ ಹೊಂದಲ್ಲ ಅಂದರು. ಅವರ ಕೋನದಲ್ಲಿ ನನ್ನ ಹೊತ್ತು ಮತ್ತು ತೇವ ಇಟ್ಟು ಮಾಡೋಣ ಅಂತಿದ್ದೇನೆ. ಪುತ್ತೂರಿನವನು ತನ್ನ ಕೈ ಕೊಡ್ತೀನಿ ಅಂದಿದ್ದಾನೆ. ಚಾದರ ಇನ್ನು ಒಂದೂವರೆ ಮೀಟರ್ ಉಳಿದಿದೆ. ಯಾರಾದರೂ ಮಾಡುವುದಾದರೆ ಬನ್ನಿ, ಬಚ್ಚಲುಮನೆ ಬಿಟ್ಟುಕೊಡುತ್ತೇನೆ, ಬಟ್ಟೆ ಮಾತ್ರ ನಿಮ್ಮದೇ ತನ್ನಿ.