ಅಮ್ಮನ ಪಾರ್ಕಿನ್ಸನ್, ಯುಡಿಐಡಿ ಪರ್ಸೆಂಟೇಜು, ಆರೈಕೆ ದುಡ್ಡು: ನನ್ನ ಅನುಭವ

"ಪಾರ್ಕಿನ್ಸನ್‌ಗೆಲ್ಲ ಎಪ್ಪತ್ತೈದರ ಮೇಲೆ ಹಾಕಲ್ಲ, ಸುಮ್ನೆ ಅಲೀಬೇಡಿ" ಅಂದೋರೇ ಈಗ ಫೋನ್ ಮಾಡಿ ಹೆಂಗ್ ಮಾಡ್ಸಿದ್ರಿ ಅಂತ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ. ಯುಡಿಐಡಿ ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಕಾರ್ಡು, ಅದರಲ್ಲಿ ವೈಕಲ್ಯ ಶೇಕಡಾ ಎಷ್ಟು ಅಂತ ಡಾಕ್ಟ್ರುಗಳ ಬೋರ್ಡ್ ನೋಡಿ ಹಾಕತ್ತೆ, ಪಿಂಚಣಿ ಎಷ್ಟು ಅನ್ನೋದು ಅದರ ಮೇಲೆ. ಅರ್ಜಿ ಹಾಕೋದು, ನಾಡಕಚೇರಿ, ಆಧಾರ್ ಲಿಂಕು ಎಲ್ಲ ನಿಮಗೆ ಗೊತ್ತಿರೋದೇ, ಬಿಟ್ಟುಬಿಡ್ತೀನಿ.

ಮೊದಲನೇ ಸಲ ಬಂದಿದ್ದು ಐವತ್ತು ಚಿಲ್ಲರೆ. ಬೆಳಗ್ಗೆ ಸಿಂಡೋಪಾ (ಪಾರ್ಕಿನ್ಸನ್ ಮಾತ್ರೆ, ಕೆಲ್ಸ ಮಾಡೋವರೆಗೂ ಕೈಕಾಲು ಆಡತ್ತೆ) ಕೊಟ್ಟು ಆಟೋಲಿ ಕೂರಿಸ್ಕೊಂಡು ಹೋದ್ವಿ, ಬೋರ್ಡ್ ಮುಂದೆ ಹೋಗೋ ಹೊತ್ತಿಗೆ ಮಾತ್ರೆ ಸಖತ್ತಾಗಿ ಕೆಲ್ಸ ಮಾಡ್ತಿತ್ತು, ಅಮ್ಮ ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಇಟ್ಟು ಡಾಕ್ಟ್ರಿಗೆ ನಮಸ್ಕಾರ ಬೇರೆ ಮಾಡಿದ್ಲು. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಅಮ್ಮನ್ನ ಮಗ್ಗುಲು ತಿರುಗಿಸೋಕೂ ಇಬ್ರು ಬೇಕು, ಅದನ್ನ ನೋಡಿದೋರು ಯಾರು? ಕಾರ್ಡೇನೋ ಬಂತು, ನಲವತ್ತು ದಾಟಿದ್ರಿಂದ ಪಿಂಚಣಿಗೂ ಅರ್ಹತೆ ಸಿಕ್ತು, ಆದ್ರೆ ಎಪ್ಪತ್ತೈದರ ಕೆಳಗೆ ಅಂದ್ರೆ ಪಿಂಚಣಿ 800. ವಯಸ್ಸಾದೋರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲೇ 1200 ಬರ್ತಿತ್ತು, ಎರಡೂ ಒಟ್ಟಿಗೆ ಕೊಡಲ್ಲ.

ಕೆಲವ್ರು "ಮಾತ್ರೆ ತಪ್ಪಿಸಿ ಕರ್ಕೊಂಡ್ ಹೋಗಿ" ಅಂತಾರೆ. ಆ ಕೆಲ್ಸ ಮಾತ್ರ ಬೇಡ, ಸಡನ್ನಾಗಿ ನಿಲ್ಲಿಸಿದ್ರೆ ಜ್ವರ ಏರಿ ಮೈ ಮರಗಟ್ಟಿ ಐಸಿಯು ಸೇರಬೇಕಾಗತ್ತೆ. ನಾನು ಮಾಡಿದ್ದು ಒಂದು ನೋಟ್‌ಬುಕ್. ಮಾತ್ರೆ ಕೊಟ್ಟ ಟೈಮು, ಕೈಕಾಲು ಬಿಟ್ಕೊಂಡ ಟೈಮು, ಮತ್ತೆ ಹಿಡ್ಕೊಂಡ ಟೈಮು, ಎತ್ತಿದ್ದು ಯಾರು, ಗಂಜಿ ನೆತ್ತಿಗೇರಿದ್ದು ಎಷ್ಟು ಸಲ, ಬೆಡ್‌ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಎಲ್ಲಿ. ಒಂದು ಮೂರು ವಾರ ಬರೆದ್ವಿ, ಜೊತೆಗೆ ಮೊಬೈಲಲ್ಲಿ ಟೈಮ್ ಕಾಣೋ ಥರ ವಿಡಿಯೋ. ಅದನ್ನ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಅಂದ್ರೆ ನಮ್ಮ ಪ್ರೈವೇಟ್ ನ್ಯೂರಾಲಜಿಸ್ಟು "ಅದೆಲ್ಲ ನಮ್ಮ ಕೆಲ್ಸ ಅಲ್ಲ" ಅಂದ್ರು, ಫೀಸು ಸಾವಿರ ಹೋಯ್ತು. ಸರ್ಕಾರಿ ಆಸ್ಪತ್ರೆ ಒಪಿಡೀಲಿ ಒಬ್ಬ ಹುಡ್ಗ ಡಾಕ್ಟ್ರು ನೋಟ್‌ಬುಕ್ ಪೂರ್ತಿ ಓದಿ, ಏಳೋಕೆ, ಊಟಕ್ಕೆ, ಟಾಯ್ಲೆಟ್ಟಿಗೆ ಇಬ್ಬರ ಸಹಾಯ ಬೇಕೇಬೇಕು ಅಂತ ನೀಟಾಗಿ ಬರೆದುಕೊಟ್ರು. ರೀಅಸೆಸ್‌ಮೆಂಟಿಗೆ ಹೋದಾಗ "ಆಗ್ಲೇ ಕೊಟ್ಟಾಗಿದ್ಯಲ್ಲ" ಅಂತ ವಾಪಸ್ ಕಳ್ಸಿದ್ರು, 2016ರ ಅಂಗವಿಕಲರ ಹಕ್ಕುಗಳ ಆಕ್ಟಿನ 59ನೇ ಸೆಕ್ಷನ್ನಲ್ಲಿ ಅಪೀಲಿಗೆ ಅವಕಾಶ ಇದೆ ಅಂತ ಬರೆದು ಕೊಟ್ಟ ಮೇಲೆ ಕರೆದ್ರು. ಈ ಸಲ ಎಂಬತ್ತು ದಾಟ್ತು! ಅರ್ಜಿ ಯಾವ ಟೇಬಲ್ಲಿಗೆ ಕೊಟ್ಟೆ ಅನ್ನೋದನ್ನ ಇಲ್ಲಿ ಬರೆಯಲ್ಲ, ನಾಳೆಯಿಂದ ಅಲ್ಲೂ ಕ್ಯೂ ಆಗತ್ತೆ.

ಸಂಧ್ಯಾ ಸುರಕ್ಷಾದ 1200 ಬಿಟ್ಟು, ಎಪ್ಪತ್ತೈದು ದಾಟಿದೋರಿಗೆ ಸಿಗೋ 1400 ತಗೊಂಡ್ರೆ ಲಾಭ ಇನ್ನೂರು ರೂಪಾಯಿ ಅಂತ ಭಾವ ನಕ್ಕಿದ್ರು. ಅವ್ರಿಗೆ ಗೊತ್ತಿಲ್ದೇ ಇದ್ದಿದ್ದು 2024-25ರ ಬಜೆಟ್ಟಲ್ಲಿ ಬಂದ ಆರೈಕೆದಾರರ ತಿಂಗಳ ಸಾವಿರ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಈ ನಾಲ್ಕಕ್ಕೆ. ಸ್ಟ್ರೋಕ್ ಆಗಿ ವರ್ಷಗಟ್ಟಲೆ ಮಲಗಿರೋರನ್ನ ಯಾಕೆ ಬಿಟ್ರೋ, ನನಗಂತೂ ಸರಿ ಅನ್ಸಲ್ಲ. ಆರೈಕೆ ಹೆಸರು ನನ್ನ ಹೆಂಡ್ತೀದು ಕೊಟ್ವಿ, ಮಾಡ್ತಿರೋದು ಅವಳೇ. ಏಜೆನ್ಸಿ ಆಯಾಗೆ ಹೆಚ್ಚುಕಮ್ಮಿ ಇಪ್ಪತ್ತೆರಡು ಸಾವಿರ ಆಗತ್ತೆ, ಅದ್ರ ಮುಂದೆ ಇದೆಷ್ಟು ಅಂತೀರಾ, ಡಯಾಪರ್ ಖರ್ಚಂತೂ ಸರಿಹೋಗ್ತಿದೆ.

ಆಸ್ಪತ್ರೆ ಬಿಲ್ಲು ಕಟ್ಟೋ ಸರ್ಕಾರಿ ಸ್ಕೀಮು ಆರೋಗ್ಯ ಕರ್ನಾಟಕದಲ್ಲೂ ಕೈ ಹಾಕಿ ನೋಡಿದೆ. ಬಿಪಿಎಲ್‌ಗೆ ವರ್ಷಕ್ಕೆ 5 ಲಕ್ಷ ಅಂತಿದ್ರೂ ಅದೆಲ್ಲ ಅಡ್ಮಿಟ್ ಆದ್ರೆ ಮಾತ್ರ. ನ್ಯುಮೋನಿಯಾ ಆದಾಗ ಬಿಲ್ಲು ಅದರಲ್ಲೇ ಮುಗೀತು, ಡಿಸ್ಚಾರ್ಜ್ ಆದ ಮಾರನೇ ದಿನದಿಂದ ಏರ್‌ಬೆಡ್ಡು, ಸಕ್ಷನ್ ಮಷೀನು ನಮ್ಮ ತಲೆ ಮೇಲೆ. ಆದಾಯ ಜಾಸ್ತಿ ಅಂತ ಪಿಂಚಣಿ ಸಿಗದೇ ಇರೋರು ಹಳೇ ರೆಜೀಮಲ್ಲಿ ಟ್ಯಾಕ್ಸ್ ಕಟ್ತಿದ್ರೆ 1961ರ ಇನ್ಕಮ್ ಟ್ಯಾಕ್ಸ್ ಆಕ್ಟಿನ 80ಡಿಡಿಬಿ ಸೆಕ್ಷನ್ (ದೊಡ್ಡ ಕಾಯಿಲೆ ಖರ್ಚನ್ನ ಆದಾಯದಿಂದ ಕಳೆಯೋದು) ನೋಡಿ, ಪಾರ್ಕಿನ್ಸನ್ ಶೇ. 40 ದಾಟಿದ್ರೆ ಹಿರಿಯರ ಚಿಕಿತ್ಸೆ ಖರ್ಚಲ್ಲಿ ಒಂದು ಲಕ್ಷದವರೆಗೂ ಕಳೀಬಹುದು, ನಮ್ಮ ರೋಡಿನ ಇಂಜಿನಿಯರ್ ಒಬ್ರಿಗೆ ನಾನೇ ಹೇಳಿ ಮಾಡ್ಸಿದೆ.

ಕೊನೇದಾಗಿ ಲಿವಿಂಗ್ ವಿಲ್ಲು, ಅಂದ್ರೆ ಕೊನೇ ಘಟ್ಟದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಪತ್ರ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ್ರೂ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, 2023ರಿಂದ ಇಬ್ರು ಸಾಕ್ಷಿ, ನೋಟರಿ ಇದ್ರೆ ಆಯ್ತು, ನಮ್ಮ ರಾಜ್ಯದ್ದೂ 2025 ಜನವರೀಲಿ ಆದೇಶ ಬಂತು. ಅಮ್ಮನ್ನೇ ಕೇಳಿದೆ, "ಗಂಟ್ಲಿಗೆ ಪೈಪು ಬೇಡ, ನೋವಿಗೆ ಔಷಧಿ ಕೊಡ್ಸು" ಅಂದ್ಲು. ನೋಟರಿನ ಮನೆಗೇ ಕರ್ಸಿದ್ವಿ, ಐನೂರೋ ಆರುನೂರೋ ತಗೊಂಡ್ರು. ಟೈಮು ಬೆಳಗ್ಗೆ ಒಂಬತ್ತೂವರೆ ಅಂತ ನಾನೇ ಫಿಕ್ಸ್ ಮಾಡಿದ್ದು, ಆಗ ಮಾತ್ರೆ ಕೆಲ್ಸ ಮಾಡ್ತಿರತ್ತೆ, ಆಮೇಲಾದ್ರೆ ಅಕ್ಷರ ಇರುವೆ ಥರ ಸಣ್ಣ ಆಗಿ ಸಹಿ ಬ್ಯಾಂಕಿಂದಕ್ಕೆ ಮ್ಯಾಚೇ ಆಗಲ್ಲ.